ಪೆಟ್ಟಿಗೆಯೊಳಗಿನ ವಿದ್ಯುತ್ತು ಮತ್ತು ಅಳಿವೆಯ ನೀರು

(ಗಂಗೊಳ್ಳಿಯಲ್ಲಿ ಯುವಜನರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಬರಹರೂಪ)



ಟೇಪ್‌ರೆಕಾರ್ಡರಿನ ಕಾಲವನ್ನು ಕಂಡವರಿಗೆ ಒಂದು ದೃಶ್ಯ ನೆನಪಿರಬಹುದು. ವಿದ್ಯುತ್ ಸಂಪರ್ಕವಿಲ್ಲದ ಮನೆಯ ಅಂಗಳದಲ್ಲಿ, ಹಪ್ಪಳ ಸಂಡಿಗೆಗಳ ಪಕ್ಕದಲ್ಲಿ, ನಾಲ್ಕಾರು ದಪ್ಪ ಸೆಲ್ಲುಗಳು ಬಿಸಿಲು ಕಾಯುತ್ತಿದ್ದವು. ಹಾಗೆ ಒಣಗಿಸಿದರೆ ಅವು ಇನ್ನೊಂದು ಸಂಜೆ ಯಕ್ಷಗಾನದ ಕ್ಯಾಸೆಟ್ಟನ್ನು ಓಡಿಸುತ್ತವೆಂಬ ನಂಬಿಕೆ ಪೂರ್ತಿ ಸುಳ್ಳಾಗಿರಲಿಲ್ಲ. ಉಷ್ಣಕ್ಕೆ ಸೆಲ್ಲಿನೊಳಗಿನ ರಾಸಾಯನಿಕ ಕ್ರಿಯೆ ತುಸು ಚುರುಕಾಗುತ್ತಿತ್ತು. ಕೊನೆಗೊಮ್ಮೆ ಆ ಸೆಲ್ಲು ತೆಂಗಿನ ಬುಡವನ್ನೋ ಹೊಳೆಯ ದಂಡೆಯನ್ನೋ ಸೇರುತ್ತಿತ್ತು. ಅಲ್ಲಿಗೆ ಅದರ ಕಥೆ ಮುಗಿಯಿತೆಂದು ಎಲ್ಲರೂ ಭಾವಿಸಿದ್ದರು.

ಇಂದು ಸೆಲ್ಲಿನ ಸ್ವರೂಪ ಬದಲಾಗಿದೆ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯದೆ ನಿಂತಿರುವಾಗ, ಗಂಗೊಳ್ಳಿಯ ಯುವಕನೊಬ್ಬ ಮರದ ಪೆಟ್ಟಿಗೆಯೊಂದರಲ್ಲಿ ಎರಡು ಸ್ಪೀಕರುಗಳನ್ನು ಕೂರಿಸಿ, ಎಲ್ಲಿಗಾದರೂ ಒಯ್ಯಬಹುದಾದ ಸ್ಟೀರಿಯೊ ಮಾಡಹೊರಟಿದ್ದಾನೆಂದು ಭಾವಿಸಿ. ಪೆಟ್ಟಿಗೆ, ಸ್ಪೀಕರು, ಆಂಪ್ಲಿಫೈಯರು ಸುಲಭವಾಗಿ ಒದಗುತ್ತವೆ. ಬ್ಯಾಟರಿಯಲ್ಲಿ ಮಾತ್ರ ಆತ ವಿವೇಚನೆಯಿಂದ ಆಯ್ಕೆ ಮಾಡಬೇಕಾಗುತ್ತದೆ.

ಮೊದಲು ಲೆಕ್ಕ. ಎರಡು ಸ್ಪೀಕರುಗಳು ತಲಾ 10 ವ್ಯಾಟಿನವಾದರೂ ಸಂಗೀತವು ಸದಾ ಅಷ್ಟು ಶಕ್ತಿಯನ್ನು ಬೇಡುವುದಿಲ್ಲ. ಕೋಣೆಯೊಳಗೆ ಕೇಳುವ ಮಟ್ಟಕ್ಕೆ ಸರಾಸರಿ 5 ವ್ಯಾಟು ಸಾಕೆಂದಿಟ್ಟುಕೊಳ್ಳೋಣ. ದೋಣಿಯಲ್ಲಿಯೂ ಯುಪಿಎಸ್‌ನಲ್ಲಿಯೂ ಕಾಣುವ ಸೀಸ-ಆಮ್ಲ ಬ್ಯಾಟರಿಯ 12 ವೋಲ್ಟ್, 7 ಆಂಪಿಯರ್-ಅವರ್‌ನ ಚಿಕ್ಕ ಮಾದರಿ 84 ವ್ಯಾಟ್-ಅವರ್ ಹಿಡಿಯುತ್ತದೆ. ಆದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತ ಹೋದರೆ ಅದರ ಆಯುಸ್ಸು ಕುಗ್ಗುತ್ತದೆ. ಬಳಕೆಗೆ ಸಿಗುವುದು ಸುಮಾರು 42. ತೂಕ ಎರಡು ಕಿಲೋಗ್ರಾಂಗೂ ಮೇಲು. ಚಾರ್ಜಿಲ್ಲದೆ ತಿಂಗಳುಗಟ್ಟಲೆ ಇಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ. ದೋಣಿ ಮಳೆಗಾಲವಿಡೀ ನಿಂತಾಗ ಬ್ಯಾಟರಿ ಸತ್ತುಹೋಗುವುದಕ್ಕೆ ಇದೇ ಮುಖ್ಯ ಕಾರಣ.

ಇನ್ನೊಂದು ಹಾದಿ ಲಿಥಿಯಂ ಅಯಾನ್ ಸೆಲ್ಲಿನದು. 1991ರಲ್ಲಿ ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದ ಈ ತಂತ್ರದ ಹಿಂದಿನ ಸಂಶೋಧನೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರಿಗೆ 2019ರ ನೊಬೆಲ್ ಸಂದಿತು. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯೊಳಗೆ ಹೆಚ್ಚಾಗಿ ಸಿಗುವುದು 18 ಮಿಲಿಮೀಟರ್ ವ್ಯಾಸದ, 65 ಮಿಲಿಮೀಟರ್ ಉದ್ದದ ಸೆಲ್ಲು. ಬ್ಯಾಟರಿ ಕೆಟ್ಟಿತೆಂದು ಎಸೆದರೂ ಅದರೊಳಗಿನ ಎಲ್ಲ ಸೆಲ್ಲುಗಳೂ ಕೆಟ್ಟಿರುವುದಿಲ್ಲ. ಒಂದೆರಡು ದುರ್ಬಲವಾದರೂ ಇಡೀ ಪ್ಯಾಕು ನಿಂತುಹೋಗುತ್ತದೆ. ಎರಡೆರಡು ಸೆಲ್ಲುಗಳನ್ನು ಸಮಾಂತರವಾಗಿ ಕೂಡಿಸಿ, ಅಂಥ ಮೂರು ಜೋಡಿಗಳನ್ನು ಸರಣಿಯಲ್ಲಿ ಇಟ್ಟರೆ 11.1 ವೋಲ್ಟ್ ಬರುತ್ತದೆ. ಪ್ರತಿ ಸೆಲ್ಲು 2 ಆಂಪಿಯರ್-ಅವರ್ ಹಿಡಿದರೆ ಒಟ್ಟು ಸುಮಾರು 44 ವ್ಯಾಟ್-ಅವರ್. ಏಳೆಂಟು ಗಂಟೆಗಳ ಹಾಡಿಗೆ ಇದು ಸಾಕು. ಆರು ಸೆಲ್ಲುಗಳ ತೂಕ 300 ಗ್ರಾಂ ಮೀರದು.

ಆದರೆ ಆಯ್ಕೆಯಲ್ಲಿ ಶಿಸ್ತು ಬೇಕು. ಉಬ್ಬಿದ, ಜಜ್ಜಿದ, ತುಕ್ಕು ಹಿಡಿದ ಸೆಲ್ಲನ್ನು ಮುಟ್ಟದಿರುವುದು ಲೇಸು. 2 ವೋಲ್ಟಿಗಿಂತ ಕೆಳಗಿಳಿದು ಬಹುಕಾಲ ಬಿದ್ದಿದ್ದ ಸೆಲ್ಲಿನೊಳಗೆ ತಾಮ್ರ ಕರಗಿರಬಹುದು; ಮರಳಿ ಚಾರ್ಜು ಮಾಡಿದಾಗ ಆ ತಾಮ್ರವೇ ಒಳಗಿನ ಶಾರ್ಟಿಗೆ ದಾರಿಯಾಗುತ್ತದೆ. ಉಳಿದವನ್ನು 4.2 ವೋಲ್ಟಿಗೆ ತುಂಬಿ ಎರಡು ವಾರ ಬದಿಗಿಟ್ಟು ಮಲ್ಟಿಮೀಟರಿನಲ್ಲಿ ಅಳೆಯಬೇಕು. ತಾನೇ ಇಳಿದುಹೋಗುವ ಸೆಲ್ಲು ನಂಬಿಕೆಗೆ ಅರ್ಹವಲ್ಲ. ಬಳಿಕ ಸಾಮರ್ಥ್ಯ ಅಳೆದು, ಸಮಬಲದವನ್ನೇ ಜೋಡಿಸಬೇಕು. ಬಿಸಿ ಕಾವಿಯಿಂದ ಸೆಲ್ಲಿಗೇ ಬೆಸುಗೆ ಹಾಕುವುದು ಸಲ್ಲದು. ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಿಸಬೇಕು. ಅತಿ ತುಂಬುವಿಕೆ, ಅತಿ ಖಾಲಿ ಮತ್ತು ಶಾರ್ಟನ್ನು ತಡೆಯುವ ರಕ್ಷಣಾ ಫಲಕ, ಪ್ಲಸ್ ತುದಿಗೆ ಹತ್ತಿರ ಒಂದು ಫ್ಯೂಸು, 12.6 ವೋಲ್ಟಿಗೆ ನಿಲ್ಲುವ ಸೂಕ್ತ ಚಾರ್ಜರು ಇವು ಮೂರೂ ಇಲ್ಲದ ಪ್ಯಾಕು ಮನೆಯೊಳಗಿಡಲು ಯೋಗ್ಯವಲ್ಲ. ಕಡಲ ತೀರದ ಉಪ್ಪುಗಾಳಿ ತೆರೆದ ಸಂಧಿಗಳನ್ನು ಬೇಗ ತಿನ್ನುವುದರಿಂದ ಇಲ್ಲಿ ಹೊದಿಕೆಯೂ ಅವಶ್ಯ. ಇಷ್ಟು ಪರೀಕ್ಷೆಗೆ ಸಲಕರಣೆಯಿಲ್ಲದವರು ಹಳೆಯ ಸೆಲ್ಲಿನ ಗೊಡವೆಗೆ ಹೋಗದೆ ಹೊಸ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲುಗಳನ್ನು ಬಳಸುವುದು ಮೇಲು. ನಾಲ್ಕು ಸೆಲ್ಲಿಗೆ 12.8 ವೋಲ್ಟು, ಅದಕ್ಕೂ ತನ್ನದೇ ಚಾರ್ಜರು ಮತ್ತು ರಕ್ಷಣಾ ಫಲಕ ಬೇಕು. ಕೋಬಾಲ್ಟ್ ಇಲ್ಲ, ಬೆಂಕಿಯ ಭಯ ಕಡಿಮೆ, ಬಾಳಿಕೆ ಹೆಚ್ಚು.

ಇಷ್ಟಕ್ಕೂ ಪರಿಸರದ ಪತ್ರಿಕೆಗೂ ಹಾಡಿನ ಪೆಟ್ಟಿಗೆಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಈ ಪ್ಯಾಕನ್ನು ಒಮ್ಮೆ ತುಂಬಲು ಬೇಕಾಗುವುದು ನಷ್ಟ ಸೇರಿ ಸುಮಾರು 50 ವ್ಯಾಟ್-ಅವರ್. ಒಂದು ಯೂನಿಟ್ ವಿದ್ಯುತ್ತಿನಲ್ಲಿ ಇಪ್ಪತ್ತು ಬಾರಿ ತುಂಬಬಹುದು. ಆದರೆ ಹೊಸ ಲಿಥಿಯಂ ಸೆಲ್ಲನ್ನು ತಯಾರಿಸಲು, ಅದು ಒಮ್ಮೆಗೆ ಹಿಡಿಯುವ ಶಕ್ತಿಯ ನೂರಾರು ಪಟ್ಟು ಶಕ್ತಿ ವ್ಯಯವಾಗುತ್ತದೆ. ಗಣಿಯ ಪ್ರಶ್ನೆಯೂ ಈಗ ದೂರದ್ದಾಗಿ ಉಳಿದಿಲ್ಲ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ ಪ್ರದೇಶದಲ್ಲಿ ಸುಮಾರು 1,600 ಟನ್ ಲಿಥಿಯಂ ಇದೆಯೆಂದು ಕೇಂದ್ರ ಸರ್ಕಾರ 2021ರಲ್ಲಿ ತಿಳಿಸಿತು. ಆದ್ದರಿಂದ ಇರುವ ಸೆಲ್ಲಿನ ಆಯುಸ್ಸನ್ನು ಸುರಕ್ಷಿತವಾಗಿ ಒಂದೆರಡು ವರ್ಷ ಹೆಚ್ಚಿಸುವ ಕೈಕೆಲಸಕ್ಕೆ ಪರಿಸರದ ದೃಷ್ಟಿಯಿಂದ ನಿಜವಾದ ಬೆಲೆಯಿದೆ.

ಆದರೆ ಆಯ್ಕೆಯಲ್ಲಿ ಸೋತ ಸೆಲ್ಲುಗಳು ಎಲ್ಲಿಗೆ ಹೋಗಬೇಕು? ಹತ್ತು ಸೆಲ್ಲು ತೆಗೆದರೆ ನಾಲ್ಕೈದು ಅನರ್ಹವಾಗುವುದುಂಟು. ಸೀಸದ ಬ್ಯಾಟರಿಗೆ ಗುಜರಿಯಲ್ಲಿ ಬೆಲೆಯಿದೆ. ಬಿಡಿ ಲಿಥಿಯಂ ಸೆಲ್ಲಿಗೆ ಬೆಲೆ ಕಟ್ಟುವವರು ವಿರಳ. ಅವು ಹಸಿಕಸದೊಡನೆ ಸೇರಿದರೆ ವಾಹನದಲ್ಲಿ ಜಜ್ಜಿ ಬೆಂಕಿ ಹೊತ್ತಬಹುದು. ಸುಟ್ಟರೆ ವಿಷಕಾರಿ ಹೈಡ್ರೋಜನ್ ಫ್ಲೋರೈಡ್ ಅನಿಲ ಹೊಮ್ಮಬಹುದು. ಮಣ್ಣು ಸೇರಿದರೆ ನಿಕಲ್, ಕೋಬಾಲ್ಟ್, ತಾಮ್ರಗಳು, ಹಳೆಯ ನಿಕಲ್-ಕ್ಯಾಡ್ಮಿಯಂ ಸೆಲ್ಲಾದರೆ ಕ್ಯಾಡ್ಮಿಯಂ, ಬಿಡುಗಡೆಯಾಗುತ್ತವೆ. ಮಲೆನಾಡಿನ ಮತ್ತು ಕರಾವಳಿಯ ಮಣ್ಣು ಆಮ್ಲೀಯ; ಆಮ್ಲೀಯ ಮಣ್ಣಿನಲ್ಲಿ ಇಂಥ ಲೋಹಗಳು ಹೆಚ್ಚು ಕರಗಿ ಚಲಿಸುತ್ತವೆ. ಕ್ಯಾಡ್ಮಿಯಮನ್ನು ಭತ್ತದ ಬೇರು ಸುಲಭವಾಗಿ ಹೀರಿ ಅಕ್ಕಿಗೆ ತಲುಪಿಸುತ್ತದೆ.

ಗಂಗೊಳ್ಳಿ ಈ ಮಾತಿಗೆ ತಕ್ಕ ಸ್ಥಳ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ ಮೊದಲಾದ ಐದು ನದಿಗಳು ಕೂಡಿ ಪಂಚಗಂಗಾವಳಿಯಾಗಿ ಇಲ್ಲಿ ಕಡಲು ಸೇರುತ್ತವೆ. ಘಟ್ಟದ ನೀರಿನಿಂದ ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದಲ್ಲಿ 460 ಮೆಗಾವ್ಯಾಟ್ ಸಾಮರ್ಥ್ಯದ ಯಂತ್ರಗಳನ್ನು ತಿರುಗಿಸುವ ವಾರಾಹಿಯೂ ಕೊನೆಗೆ ಈ ಅಳಿವೆಗೇ ಬರುತ್ತದೆ. ಮಲೆನಾಡಿನ ತೋಟದ ಬದುವಿನಲ್ಲಿ ಎಸೆದ ಸೆಲ್ಲಿನ ಲೋಹವೂ ಮಳೆಯೊಡನೆ ಇತ್ತಲೇ ಇಳಿಯುತ್ತದೆ. ಅಳಿವೆಯ ಕೆಸರು ಅದನ್ನು ಹಿಡಿದಿಡುತ್ತದೆ. ಆ ಕೆಸರು ಮರಳಿನಲ್ಲಿ ಹುದುಗಿ ನೀರು ಸೋಸಿ ಬದುಕುವ ಚಿಪ್ಪುಜೀವಿಗಳು ಅದನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಘಟ್ಟದ ಮೇಲಿನವರ ಅಜಾಗ್ರತೆಗೆ ಅಳಿವೆಯವರ ಊಟದ ಬಟ್ಟಲು ಬೆಲೆ ತೆರಬೇಕಾಗುತ್ತದೆ.

ಕಾನೂನು ಇದೆ. 2001ರ ಬ್ಯಾಟರಿ ನಿಯಮಗಳ ಸ್ಥಾನದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದಿವೆ. ಬಳಸಿದ ಬ್ಯಾಟರಿಯನ್ನು ಮರಳಿ ಸಂಗ್ರಹಿಸುವ ಹೊಣೆ ಉತ್ಪಾದಕರದು. ಅದನ್ನು ಮನೆಯ ಕಸದಿಂದ ಬೇರ್ಪಡಿಸಿ ಕೊಡುವ ಹೊಣೆ ಬಳಕೆದಾರನದು. ಹೂಳುವುದಕ್ಕೂ ಸುಡುವುದಕ್ಕೂ ಅವಕಾಶವಿಲ್ಲ. ಕೊರತೆಯಿರುವುದು ಕಾನೂನಿಗೂ ಊರಿಗೂ ನಡುವಿನ ಕೊನೆಯ ಹತ್ತು ಕಿಲೋಮೀಟರಿನಲ್ಲಿ. ಅದನ್ನು ತುಂಬಲು ದೊಡ್ಡ ಯೋಜನೆ ಬೇಡ. ಕುಂದಾಪುರ ಭಾಗದ ವಂಡ್ಸೆ ಗ್ರಾಮ ಪಂಚಾಯತಿಯು ಕಸವನ್ನು ವಿಂಗಡಿಸಿ ಸಂಪನ್ಮೂಲವಾಗಿಸುವ ಕೆಲಸಕ್ಕೆ ಹೆಸರಾದುದು ಎಲ್ಲರಿಗೂ ತಿಳಿದಿದೆ. ಅಂಥ ಪ್ರತಿ ಘಟಕದಲ್ಲಿ ಒಣ ಮರಳು ತುಂಬಿದ ಒಂದು ಲೋಹದ ಪೆಟ್ಟಿಗೆಯನ್ನು ಮಳೆ ತಾಗದ ಕಡೆ ಇಡಬಹುದು. ಸೆಲ್ಲಿನ ಎರಡೂ ತುದಿಗಳಿಗೆ ಇನ್ಸುಲೇಶನ್ ಟೇಪು ಸುತ್ತಿ ಅದರಲ್ಲಿ ಇಡುವುದು, ಸಾಕಷ್ಟು ಸೇರಿದಾಗ ನೋಂದಾಯಿತ ಮರುಬಳಕೆದಾರರಿಗೆ ಒಟ್ಟಾಗಿ ಕಳುಹಿಸುವುದು ಇಷ್ಟೇ ಕೆಲಸ. ಊರಿನ ಯುವಕ ಸಂಘ, ಶಾಲೆ, ಮೀನುಗಾರರ ಸಂಘಗಳು ಸೇರಿ ಪಂಚಾಯತಿಯನ್ನು ಕೇಳಿದರೆ ಇದು ಈ ಮಳೆಗಾಲದೊಳಗೇ ಆಗಬಲ್ಲದು.

ಸ್ಟೀರಿಯೊ ಕಟ್ಟುವ ಯುವಕರು ಅವಶ್ಯವಾಗಿ ಕಟ್ಟಲಿ, ಕೇಳಲಿ, ಗೆಳೆಯರಿಗೂ ಕಲಿಸಲಿ. ಮೊದಲ ಸೆಲ್ಲನ್ನು ಬಿಚ್ಚುವ ಮುನ್ನ ಕೆಟ್ಟ ಸೆಲ್ಲಿಗೊಂದು ಜಾಗ ಮಾಡಿಟ್ಟುಕೊಳ್ಳಲಿ ಎಂಬುದಷ್ಟೇ ಪ್ರಾರ್ಥನೆ.