ಹೋಗಿ ಬನ್ನಿ
(ಕ್ರಿಸ್ತರ ಪರಮಪವಿತ್ರ ಶರೀರ ಮತ್ತು ರಕ್ತದ ಮಹೋತ್ಸವದ ಪ್ರಬೋಧನೆ)



1264ರಲ್ಲಿ ಜಗದ್ಗುರು ನಾಲ್ಕನೇ ಅರ್ಬನ್‌ರವರು ಇಡೀ ಧರ್ಮಸಭೆಗೆ ನೀಡಿದ ಹಬ್ಬವನ್ನು ಇಂದು ನಾವು ಆಚರಿಸುತ್ತಿದ್ದೇವೆ. ಈ ಹಬ್ಬದ ದಿನ, ನಾವು ದಿನವೂ ಆಡುವ ಕೆಲವು ಪದಗಳ ಅರ್ಥವನ್ನು ಧ್ಯಾನಿಸೋಣ.

ವೈಟ್‌ಫೀಲ್ಡಿನ ಒಂದೇ ಅಪಾರ್ಟ್‌ಮೆಂಟಿನಿಂದ ಭಾನುವಾರ ನಾಲ್ಕು ಭಾಷೆಯ ಮನೆಯವರು ದೇವಾಲಯಕ್ಕೆ ಹೊರಡುತ್ತಾರೆ. ಕನ್ನಡದವರಿಗೆ ಅದು ಬಲಿಪೂಜೆ, ತಮಿಳರಿಗೆ ತಿರುಪ್ಪಲಿ, ಮಲಯಾಳಿಗಳಿಗೆ ಕುರ್ಬಾನ, ಕೊಂಕಣಿಯವರಿಗೆ ಮೀಸ್. ಮೊದಲ ಎರಡರಲ್ಲೂ 'ಬಲಿ' ಇದೆ. ಕುರ್ಬಾನ ಸಿರಿಯಾಕ್ ಭಾಷೆಯ ಪದ. ಅದರ ಅರ್ಥ ಅರ್ಪಣೆ. ಮೀಸ್ ಎಂಬುದು ಮಾತ್ರ ಬೇರೆ. ಅದೂ ಇಂಗ್ಲಿಷಿನ ಮಾಸ್ ಕೂಡ ಲತೀನಿನ 'ಮಿಸ್ಸಾ'ದಿಂದ ಬಂದವು. ಮಿಸ್ಸಾ ಎಂದರೆ ಬೀಳ್ಕೊಡುವುದು, ಕಳುಹಿಸುವುದು. ಪೂಜೆಯ ಕೊನೆಯಲ್ಲಿ ಜನರನ್ನು ಕಳುಹಿಸುವ 'ಇತೆ, ಮಿಸ್ಸಾ ಎಸ್ತ್' ಎಂಬ ಮಾತೇ ಇಡೀ ಪೂಜೆಗೆ ಹೆಸರಾಯಿತು. ಈ ಬೀಳ್ಕೊಡುಗೆಯೊಳಗೆ ಪ್ರೇಷಿತಕಾರ್ಯದ ಕರೆಯಿದೆ ಎಂದು ಜಗದ್ಗುರು 16ನೇ ಬೆನೆಡಿಕ್ಟ್‌ರವರು 2007ರಲ್ಲಿ ಪರಮಪ್ರಸಾದವನ್ನು ಕುರಿತ ತಮ್ಮ ಪತ್ರದಲ್ಲಿ ನೆನಪಿಸಿದರು.

ಯೂಕರಿಸ್ಟ್ ಎಂಬ ಗ್ರೀಕ್ ಪದಕ್ಕೆ ಕೃತಜ್ಞತಾಸ್ತುತಿ ಎಂದರ್ಥ. ಕೃತಜ್ಞತೆ ಎಂದರೆ ನಮಗಾಗಿ ಮಾಡಿದ್ದನ್ನು ಅರಿಯುವುದು. ಶಿಲುಬೆಯ ಹಿಂದಿನ ರಾತ್ರಿಯೂ ಪ್ರಭು ರೊಟ್ಟಿಯನ್ನು ಕೈಗೆತ್ತಿಕೊಂಡು, ಕೃತಜ್ಞತೆ ಸಲ್ಲಿಸಿ, ಮುರಿದು ಕೊಟ್ಟರು.

ನಮ್ಮ ಕನ್ನಡದ ಪದ ಪರಮಪ್ರಸಾದ. ಪ್ರಸಾದ ಎಂದರೆ ಅನುಗ್ರಹ. ನಮ್ಮ ನಾಡಿನಲ್ಲಿ ಪ್ರಸಾದವನ್ನು ಒಬ್ಬರೇ ತಿಂದು ಮುಗಿಸುವುದಿಲ್ಲ. ಮನೆಗೆ ತಂದು ನೆರೆಯವರಿಗೂ ಕೊಡುತ್ತಾರೆ. ಪರಮಪ್ರಸಾದವನ್ನು ಹಾಗೆ ಕಟ್ಟಿಕೊಂಡು ಹೋಗುವಂತಿಲ್ಲ. ಹಾಗಾದರೆ ನೆರೆಯವರ ಪಾಲು ಯಾವುದು? ಅದನ್ನು ಸ್ವೀಕರಿಸಿದ ನಾವೇ ಆ ಪಾಲು.

ಪರಮಪ್ರಸಾದ ಸ್ವೀಕರಿಸಿದೊಡನೆ ಗಾಡಿ ತೆಗೆಯಲು ಹೊರಡುವವರಿದ್ದಾರೆ. ಪಾಳಿಗೆ ಓಡಬೇಕಾದವರ ಅವಸರ ದೇವರಿಗೆ ಗೊತ್ತು. ಉಳಿದವರು ದಯವಿಟ್ಟು ನಿಲ್ಲಿ. ಕೊನೆಯ ಆಶೀರ್ವಾದ ಪಡೆದು, ಕಳುಹಿಸಿಕೊಂಡು ಹೋಗಿ. ಎಮ್ಮಾವಿನ ಶಿಷ್ಯರಿಬ್ಬರು ರೊಟ್ಟಿ ಮುರಿಯುವಾಗ ಪ್ರಭುವನ್ನು ಗುರುತಿಸಿದರು. ಕತ್ತಲಾಗಿದ್ದರೂ ಆ ಗಳಿಗೆಯಲ್ಲೇ ಎದ್ದು ಜೆರುಸಲೇಮಿಗೆ ಹಿಂದಿರುಗಿದರು. ಅವರು ಹೋದದ್ದು ಸುದ್ದಿ ಹೇಳಲು.

ನಮ್ಮನ್ನು ಕಳುಹಿಸುವುದು ಎಲ್ಲಿಗೆ? ಪೀಣ್ಯದ ಶೆಡ್ಡಿನಲ್ಲಿ ಗುತ್ತಿಗೆಗೆ ದುಡಿಯುವ, ಊರು ಬಿಟ್ಟು ಬಂದ ಹುಡುಗನ ಬಳಿಗೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಕಳೆದುಕೊಂಡು, ಮನೆಯಲ್ಲಿ ಹೇಳಲಾಗದೆ ಕುಳಿತ ಗೆಳೆಯನ ಬಳಿಗೆ. ದಿನವೂ ಗೇಟು ತೆರೆಯುವ ಸೆಕ್ಯೂರಿಟಿಯವರ ಹೆಸರು ನಮಗೆ ಗೊತ್ತೇ? ಮನೆಗೆಲಸದಾಕೆ ಕಾಯಿಲೆ ಬಿದ್ದ ದಿನ ಸಂಬಳ ಹಿಡಿಯದೆ ಕೊಟ್ಟೆವೇ?

ಮನೆಯಿಂದ ಹೊರಟವರಿಗೆ ನಾವು 'ಹೋಗು' ಎನ್ನುವುದಿಲ್ಲ, 'ಹೋಗಿ ಬಾ' ಎನ್ನುತ್ತೇವೆ. ಪ್ರಭು ಕಳುಹಿಸುವುದೂ ಹಾಗೆಯೇ. ವಾರವೆಲ್ಲಾ ಅವರ ಪ್ರೀತಿಯನ್ನು ಹಂಚಿ, ದಣಿದು, ಮತ್ತೆ ಅವರ ಮೇಜಿಗೆ ಬರಬೇಕು. ಇಂದಿನ ಮೆರವಣಿಗೆಯಲ್ಲಿ ಪ್ರಭು ನಮ್ಮ ಬೀದಿಗೆ ಬರುತ್ತಾರೆ. ನಾಳೆ ಸೋಮವಾರ, ಅವರನ್ನು ಹೊತ್ತು ನಡೆಯುವವರು ನಾವೇ ಆಗೋಣ.

ಆಮೆನ್.