ಸುಟ್ಟ ರಾಜಧಾನಿಯ ಪದ್ಯ



ವಾಡಿಯಿಂದ ಸಿಕಂದರಾಬಾದ್ ಕಡೆ ಹೋಗುವ ರೈಲು ಚಿತ್ತಾಪುರ ದಾಟಿದರೆ, ಸೇಡಂ ಬರುವ ಮೊದಲೇ ಮಳಖೇಡ ರೋಡ್ ಸಿಗುತ್ತದೆ. ಕಾಗಿಣಾ ದಂಡೆಯ ಈ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಹೆಸರು, ಕವಿರಾಜಮಾರ್ಗದ ಹೆಸರು ನಮ್ಮ ನಾಲಿಗೆಯ ಮೇಲಿದೆ. ಅದಾಗಿ ಸುಮಾರು ನೂರು ವರ್ಷಕ್ಕೆ ಇದೇ ಊರಲ್ಲಿ ಕೂತು ಬರೆದ ಪುಷ್ಪದಂತನ ನೆನಪು ಮಾತ್ರ ಕಡಿಮೆ.

ಪುಷ್ಪದಂತ ಅಪಭ್ರಂಶ ಭಾಷೆಯ ಜೈನ ಕವಿ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ಭರತನ ಆಶ್ರಯದಲ್ಲಿ 959ರಲ್ಲಿ ಮಹಾಪುರಾಣ ಹಿಡಿದು 965ರಲ್ಲಿ ಮುಗಿಸಿದ. ಮುಂದೆ ಭರತನ ಮಗ ‘ನನ್ನ’ ಎಂಬವನ ಮನೆಯಲ್ಲಿದ್ದು ನಾಗಕುಮಾರನ ಕಥೆ ಬರೆದ. ಅದರಲ್ಲಿ ಮಾನ್ಯಖೇಟದ ಸೌಧಗಳು ಮೋಡ ಮುಟ್ಟುತ್ತವೆ. ಕೃಷ್ಣರಾಜನ ಕೈಯ ಕತ್ತಿಯೇ ಊರನ್ನು ಕಾಯುವ ನೀರು. ಆ ಹೊಗಳಿಕೆಯೊಳಗೇ ಅಪಾಯವೂ ಅಡಗಿತ್ತು. ಕೈ ಹೋದರೆ ಕಾವಲೂ ಹೋಯಿತು.

967ರಲ್ಲಿ ಕೃಷ್ಣ ತೀರಿಕೊಂಡ; ತಮ್ಮ ಖೊಟ್ಟಿಗ ಪಟ್ಟವೇರಿದ. 972ರಲ್ಲಿ ಮಾಳವದ ಪರಮಾರ ದೊರೆ ಸೀಯಕ ರಾಜಧಾನಿಗೇ ನುಗ್ಗಿ ಸೂರೆ ಮಾಡಿದ. ಮರುವರ್ಷ ಚಾಲುಕ್ಯ ತೈಲಪ ರಾಷ್ಟ್ರಕೂಟರ ಆಳ್ವಿಕೆಯನ್ನೇ ಮುಗಿಸಿದ. 

ಆ ಸೂರೆಗೆ ಎರಡೂ ಕಡೆಯ ಸಾಕ್ಷಿಯಿದೆ. ಗೆದ್ದವರ ಕಡೆಯ ಕವಿ ಧನಪಾಲ ತನ್ನ ತಂಗಿ ಸುಂದರಿಗಾಗಿ ಪ್ರಾಕೃತ ನಿಘಂಟು ಬರೆದು, ಮಾಳವದವರು ಮಾನ್ಯಖೇಟ ಲೂಟಿ ಮಾಡಿದ ಕಾಲವೆಂದು ಅದಕ್ಕೆ ವರ್ಷ ಗುರುತಿಸಿದ. ಸೋತವರ ಕಡೆಯಿಂದ ಉಳಿದದ್ದು ಪುಷ್ಪದಂತನ ಒಂದು ಸಂಸ್ಕೃತ ಪದ್ಯ. ಮೊದಲೇ ಮುಗಿದಿದ್ದ ಮಹಾಪುರಾಣದ ಕೆಲವು ಹಸ್ತಪ್ರತಿಗಳಲ್ಲಿ, ಆಮೇಲೆ ಸೇರಿದ ಪದ್ಯವಾಗಿ ಅದು ಸಿಗುತ್ತದೆ.

ಬರೀ ನಾಲ್ಕು ಸಾಲು. ಊರಿನ ವರ್ಣನೆ ಶುರುವಾಗುವುದೇ ಬಡವರಿಂದ: ದಿಕ್ಕಿಲ್ಲದವರಿಗೆ ಅದು ಆಸರೆಯಾಗಿತ್ತಂತೆ. ಆಮೇಲೆ ಸದಾ ತುಂಬಿದ ಜನ, ಹೂಬಿಟ್ಟ ಬಳ್ಳಿಯ ತೋಟ. ಕೃಷ್ಣನಿಲ್ಲ, ಖೊಟ್ಟಿಗನಿಲ್ಲ. ಪದ್ಯದಲ್ಲಿ ಬರುವ ಒಬ್ಬನೇ ಅರಸ ಮಾಳವದ ಧಾರೆಯವನು, ಸಿಟ್ಟಿನಿಂದ ಊರು ಸುಟ್ಟವನು. ಕೊನೆಯ ಸಾಲಲ್ಲಿ ಕವಿ ತನ್ನ ಹೆಸರು ತಾನೇ ಹೇಳಿ, ಇನ್ನು ತನಗೆ ವಾಸ ಎಲ್ಲಿ ಎಂದು ಕೇಳುತ್ತಾನೆ.

ಇದೇ ನೆಲದ ಅಮೋಘವರ್ಷನ, ಅಂದರೆ ನೃಪತುಂಗನ, ಹೆಸರಲ್ಲಿರುವ ಪ್ರಶ್ನೋತ್ತರ ರತ್ನಮಾಲಿಕೆ, ವಿವೇಕದಿಂದ ರಾಜ್ಯ ಬಿಟ್ಟ ಅರಸನ ಕೃತಿ ಎಂದು ಹೇಳಿಕೊಳ್ಳುತ್ತದೆ. ತಾನಾಗಿ ಪಟ್ಟ ಬಿಟ್ಟವನಿಗೆ ಅಧಿಕಾರದ ಅಸ್ಥಿರತೆ ವೈರಾಗ್ಯದ ಪಾಠ. ಪಟ್ಟ ಉರುಳುವಾಗ ಅದರ ಕೆಳಗಿದ್ದವನಿಗೆ ಅದು ತಲೆಯ ಮೇಲಿನ ಸೂರಿನ ಪ್ರಶ್ನೆ. ಮಳಖೇಡ ಎರಡನ್ನೂ ಕಂಡಿದೆ. ಪುಷ್ಪದಂತ ಎರಡನೆಯವರ ಪರವಾಗಿ ಮಾತಾಡಿದ.