ತಾಯಿಯ ರಕ್ತ, ಮಗುವಿನ ರಕ್ತ



ಗರ್ಭಿಣಿಯ ಆಹಾರ, ಕಬ್ಬಿಣಾಂಶದ ಮಾತ್ರೆ, ಧನುರ್ವಾಯುವಿನ ಚುಚ್ಚುಮದ್ದು ಇವುಗಳ ವಿಷಯವನ್ನು ನೀವು ಆರೋಗ್ಯ ಸಹಾಯಕಿಯರಿಂದ ಹಲವು ಬಾರಿ ಕೇಳಿದ್ದೀರಿ. ಇಂದು ಅಷ್ಟಾಗಿ ಯಾರೂ ಆಡದ ಒಂದು ಸಂಗತಿಯನ್ನು ನಿಮ್ಮ ಮುಂದಿಡಬಯಸುತ್ತೇನೆ.

ಇಂಥ ಮನೆಗಳನ್ನು ನೀವೂ ಕಂಡಿರಬಹುದು. ಚೊಚ್ಚಲ ಮಗು ಗುಂಡಗೆ ಹುಟ್ಟಿ ಚೆನ್ನಾಗಿ ಬೆಳೆಯುತ್ತದೆ. ಎರಡನೆಯದು ಹುಟ್ಟಿದ ದಿನವೇ ಅರಿಸಿನದಂತೆ ಹಳದಿಯಾಗಿ, ಕೆಲವೇ ದಿನಗಳಲ್ಲಿ ತೀರಿಕೊಳ್ಳುತ್ತದೆ. ಮೂರನೆಯದು ಹೊಟ್ಟೆಯಲ್ಲಿಯೇ ಸಾಯುತ್ತದೆ. ಆಗ ಸೊಸೆಯ ಕಾಲ್ಗುಣ, ದೃಷ್ಟಿ, ನಾಗದೋಷ ಎಂಬ ಮಾತುಗಳೇಳುತ್ತವೆ. ಗಂಡನಿಗೆ ಬೇರೆ ಹೆಣ್ಣು ನೋಡುವ ಮಾತೂ ಬರುವುದುಂಟು. ಇಂಥ ದುಃಖಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ತಾಯಿಯ ರಕ್ತಕ್ಕೂ ಮಗುವಿನ ರಕ್ತಕ್ಕೂ ಹೊಂದಿಕೆಯಾಗದಿರುವುದು. ಇದರಲ್ಲಿ ಆ ಹೆಣ್ಣುಮಗಳ ತಪ್ಪು ಎಳ್ಳಷ್ಟೂ ಇಲ್ಲ.

ರಕ್ತದಲ್ಲಿ ಎ, ಬಿ, ಎಬಿ, ಓ ಎಂಬ ಗುಂಪುಗಳಿರುವುದು ನಿಮಗೆ ಗೊತ್ತು. ಇವಲ್ಲದೆ ಕೆಂಪು ಕಣಗಳ ಮೇಲೆ ಆರ್‌ಎಚ್ ಎಂಬ ಇನ್ನೊಂದು ಅಂಶವಿದೆ. 1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಎಂಬ ವಿಜ್ಞಾನಿಗಳು ಇದನ್ನು ಪ್ರಕಟಪಡಿಸಿದರು. ರೀಸಸ್ ಜಾತಿಯ ಕೋತಿಯ ರಕ್ತವನ್ನು ಪ್ರಯೋಗಕ್ಕೆ ಬಳಸಿದ್ದರಿಂದ ಈ ಹೆಸರು. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 95 ಜನರಲ್ಲಿ ಈ ಅಂಶವಿರುತ್ತದೆ, ಅವರು ಪಾಸಿಟಿವ್. ಉಳಿದವರು ನೆಗೆಟಿವ್. ಇದು ರೋಗವಲ್ಲ, ಕೊರತೆಯೂ ಅಲ್ಲ.

ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆಗಿದ್ದಾಗ ಮಗು ತಂದೆಯಂತೆ ಪಾಸಿಟಿವ್ ಆಗಬಹುದು. ಗರ್ಭದಲ್ಲಿ ಎರಡು ರಕ್ತಗಳು ಸಾಮಾನ್ಯವಾಗಿ ಬೆರೆಯುವುದಿಲ್ಲ. ನಡುವೆ ಮಾಸು ಇರುತ್ತದೆ. ಹೆರಿಗೆಯಲ್ಲಿ ಮಾಸು ಕಳಚುವಾಗ ಮಗುವಿನ ಸ್ವಲ್ಪ ರಕ್ತ ತಾಯಿಯ ಮೈಗೆ ಸೇರುತ್ತದೆ. ಪೈರಿಗೆ ನುಗ್ಗಿದ ದನವನ್ನು ರೈತನು ಗುರುತಿಟ್ಟುಕೊಳ್ಳುವಂತೆ, ತಾಯಿಯ ದೇಹವು ಆ ಪರಕೀಯ ಕಣಗಳನ್ನು ಗುರುತಿಟ್ಟುಕೊಂಡು ಪ್ರತಿಕಾಯಗಳನ್ನು ಸಿದ್ಧಪಡಿಸುತ್ತದೆ. ಅಷ್ಟರಲ್ಲಿ ಮೊದಲ ಮಗು ಹೊರಬಂದಿರುವುದರಿಂದ ಅದಕ್ಕೆ ಸಾಮಾನ್ಯವಾಗಿ ಬಾಧೆಯಿಲ್ಲ. ಮುಂದಿನ ಮಗುವೂ ಪಾಸಿಟಿವ್ ಆಗಿದ್ದರೆ ಈ ಪ್ರತಿಕಾಯಗಳು ಮಾಸನ್ನು ದಾಟಿ ಅದರ ಕೆಂಪು ಕಣಗಳನ್ನು ಒಡೆಯುತ್ತವೆ. ಮಗು ರಕ್ತಹೀನವಾಗುತ್ತದೆ, ಊದಿಕೊಳ್ಳುತ್ತದೆ. ಹುಟ್ಟಿದ ಮೇಲೆ ಕಾಮಾಲೆ ಏರಿ ಮಿದುಳಿಗೇ ಪೆಟ್ಟು ಬೀಳಬಹುದು.

ಇದನ್ನು ತಡೆಯಲು 1968ರಿಂದಲೂ ಆಂಟಿ-ಡಿ ಎಂಬ ಚುಚ್ಚುಮದ್ದು ಬಳಕೆಯಲ್ಲಿದೆ. ತಾಯಿಯ ದೇಹವು ಗುರುತು ಹಿಡಿಯುವ ಮೊದಲೇ ಇದು ಮಗುವಿನ ಕಣಗಳನ್ನು ತೊಡೆದುಹಾಕುತ್ತದೆ. ಇದು ಮನುಷ್ಯರು ದಾನ ಮಾಡಿದ ರಕ್ತದ್ರವದಿಂದ ತಯಾರಾಗುವಂಥದು. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಎಂಬವರು 2018ರಲ್ಲಿ ನಿಲ್ಲಿಸುವವರೆಗೆ ಸಾವಿರಕ್ಕೂ ಹೆಚ್ಚು ಬಾರಿ ಹೀಗೆ ದಾನ ಮಾಡಿದರು. ನಮ್ಮಲ್ಲಿ ಒಂದು ಬಾರಿ ಬೆರಳು ಚುಚ್ಚಿಸಿಕೊಳ್ಳಲು ಗಂಡಸರು ಹಿಂದೇಟು ಹಾಕುವುದನ್ನು ಕಂಡಾಗ ನನಗೆ ಅವರ ನೆನಪಾಗುತ್ತದೆ.

ಗರ್ಭಿಣಿಯ ಮೊದಲ ತಪಾಸಣೆಯಲ್ಲಿಯೇ ರಕ್ತದ ಗುಂಪನ್ನು ತಿಳಿದು ತಾಯಿ ಕಾರ್ಡಿನಲ್ಲಿ ಬರೆಸಿರಿ. ನೆಗೆಟಿವ್ ಎಂದಾದರೆ ಗಂಡನ ರಕ್ತಪರೀಕ್ಷೆಯೂ ಆಗಬೇಕು. ಪ್ರತಿಕಾಯಗಳು ಹುಟ್ಟಿಲ್ಲವೆಂದು ತಿಳಿದರೆ 28ನೆಯ ವಾರದ ಸುಮಾರಿಗೆ ಒಮ್ಮೆ, ಮಗು ಪಾಸಿಟಿವ್ ಆಗಿದ್ದಲ್ಲಿ ಹೆರಿಗೆಯಾದ 72 ಗಂಟೆಗಳೊಳಗೆ ಇನ್ನೊಮ್ಮೆ ಚುಚ್ಚುಮದ್ದು ಕೊಡುತ್ತಾರೆ. ಪ್ರತಿ ಬಸುರಿಗೂ ಇದು ಹೊಸದಾಗಿ ಆಗಬೇಕು. ಗರ್ಭಪಾತವಾದಾಗಲೂ ಬೇಕಾಗಬಹುದು, ನಾವು ಎಡವುವುದು ಇಲ್ಲಿಯೇ. ಎಷ್ಟೋ ಹೆಂಗಸರು ಮೈ ಇಳಿದದ್ದನ್ನು ಯಾರಿಗೂ ಹೇಳದೆ ಮಲಗಿಬಿಡುತ್ತಾರೆ. ಹೊಟ್ಟೆಗೆ ಪೆಟ್ಟು ಬಿದ್ದರೆ, ರಕ್ತ ಕಾಣಿಸಿದರೆ ಅದನ್ನೂ ಮುಚ್ಚಿಡಬಾರದು.

ಪ್ರತಿಕಾಯಗಳು ಒಮ್ಮೆ ಹುಟ್ಟಿಬಿಟ್ಟರೆ ಈ ಮದ್ದು ಫಲಿಸದು. ಆದರೂ ಆಸೆ ಬಿಡಬೇಕಾಗಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಮಗುವಿನ ಸ್ಥಿತಿಯನ್ನು ಗಮನಿಸುತ್ತ, ಅಗತ್ಯವಾದರೆ ಗರ್ಭದಲ್ಲಿರುವಾಗಲೇ ಅದಕ್ಕೆ ರಕ್ತ ಕೊಡುತ್ತಾರೆ. ಹುಟ್ಟಿದ ಮೇಲೆ ನೀಲಿ ಬೆಳಕಿನ ಚಿಕಿತ್ಸೆ ಉಂಟು, ರಕ್ತವನ್ನೇ ಬದಲಿಸುವುದೂ ಉಂಟು.

72 ಗಂಟೆಯೆಂದರೆ ಸೋಮವಾರ ಬೆಳಗ್ಗೆ ಹೆರಿಗೆಯಾದವಳಿಗೆ ಗುರುವಾರ ಬೆಳಗಿನೊಳಗೆ. ಹೆರಿಗೆಯಾದೊಡನೆ ಮಗುವಿನ ರಕ್ತದ ಗುಂಪು ಯಾವುದೆಂದು ನೀವೇ ಕೇಳಿರಿ. ಅವಧಿ ಮೀರಿತೆಂದು ಮನೆಯಲ್ಲಿ ಕುಳಿತುಬಿಡದೆ, ಅಂದೇ ವೈದ್ಯರ ಬಳಿಗೆ ಹೋಗಿರಿ.